ಜೋಡಿಗೊಂದು ಖೋಲಿ

ಘಟ್ಟದ ಕಾಫಿ ತೋಟ,
೧೮ ಜನವರಿ ೧೯೮೩

ತಂಗಿ ಪಕ್ಕೀರಮ್ಮಗೆ ನಿನ್ನ ಅಕ್ಕ ಎರ್ರಮ್ಮನ ಆಶೀರ್ವಾದಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ ಅಂತ ಸಿಟ್ಟಾಗಬ್ಯಾಡ. ಇಲ್ಲಿ ನಮ್ಮ ಕಾಗದ ಟಪಾಲಿಗೆ ಹಾಕೋದು ಹಾಜರಿ ಲೆಕ್ಕ ಬರೆಯೋ ತೋಟದ ರೈಟರು. ಓದಿ ಹಾಕ್ತಾನೆ. ದೀಪಾವಳಿಗೆ "ಸುಖವಾಗಿದ್ದೀವಿ" ಅಂತ ಬರೆದದ್ದು ಅವನ ಕಣ್ಣಿಗಾಗಿ. ಇದನ್ನ ಸಂತೆಗೆ ಹೋದಾಗ ಕೂಲಿ ಸಂಘದ ಪಾಲಾಕ್ಷಪ್ಪನ ಕೈಗೆ ಕೊಡ್ತೀನಿ.

ಕೂಲಿಗೆ ಮಂದಿ ಕರ್ಕೊಂಡು ಬರೋ ಮೇಸ್ತ್ರಿ ಪಾಲಣ್ಣ ತಿಂಗಳ ಕೊನೆಗೆ ಮತ್ತೆ ನಮ್ಮೂರು ಉಜ್ಜಿನಿಗೆ ಲಾರಿ ತರ್ತಾನಂತೆ. ಮಗಳು ಉಚ್ಚಂಗಿನ ಹತ್ತಿಸ್ತೀನಿ ಅಂತ ಬರೆದಿದ್ದೀ. "ಅಕ್ಕ ಅದಾಳ, ಅಕ್ಕನ ಮಗಳು ನೀಲಗಂಗಿ ಅದಾಳ, ನನಗೇನು ಚಿಂತಿ" ಅಂದಿದ್ದೀ. ಪಕ್ಕೀರಿ, ಹತ್ತಿಸಬ್ಯಾಡ. ಲಾರಿ ಗಾಲಿಗೆ ಅಡ್ಡ ಮಲಗು, ಹತ್ತಿಸಬ್ಯಾಡ.

ಇಲ್ಲಿಯ ಬಾಳುವೆ ಕೇಳು. ಸೊಂಟಕ್ಕೆ ಚೀಲ ಕಟ್ಟಿ ದಿನವಿಡೀ ಹಣ್ಣು ಕೀಳೋದು. ಹೊರಕಡೆಗೆ ಹೋಗೋಕೆ ಹೆಂಗಸರಿಗೆ ಮರೆಯಿಲ್ಲ. ಎಲ್ಲಿ ಕೂತರೂ ಗಂಡಸರ ಕಣ್ಣು. ಅದಕ್ಕೇ ನಾವು ನೀರು ಕುಡಿಯೋದನ್ನೇ ಬಿಟ್ಟಿದ್ದೀವಿ. ಹಡಗಲಿ ಸೋಮಪ್ಪನ ಹೆಂಡತಿ ಉರಿಮೂತ್ರ ಹತ್ತಿ ಗಿಡದ ಸಾಲಿನಲ್ಲೇ ಬಿದ್ದಳು. "ಬಯಲುಸೀಮೆಯೋರು ನೀವು, ನೀರಿಲ್ಲದೆ ಇರೋದು ರೂಢಿಯಲ್ವೇನ್ರೇ?" ಅಂದ ರೈಟರು. ಗಂಡಸರೆಲ್ಲ ಕಿಸಕ್ಕಂದರು. ನಾನು ಚೀಲ ಬಿಚ್ಚಿ ಒಗೆದೆ: "ಸಾಹೇಬರ ನಾಯಿಗೆ ಗೂಡು ಕಟ್ಟಿಸೀರಿ, ನಮಗೇನು ಕಟ್ಟಿಸೀರಿ?" ಆವತ್ತು ನನ್ನ ಹಾಜರಿ ಹಾಕಲಿಲ್ಲ.

ಊರಲ್ಲೇನು ಉಂಡು ತೇಗ್ತಿದ್ದೆವಾ? ಇಲ್ಲ. ಹಸಿವೇ ನಮ್ಮನ್ನ ಲಾರಿಗೆ ಹತ್ತಿಸಿದ್ದು. ಆದರೆ ಹಸಿದವಳ ಮೈಯೂ ಅವಳದೇ ತಾನೇ? ಈ ತೋಟಕ್ಕೆ ಕೈ ಬೇಕು, ಕೈಗೆ ಅಂಟಿಕೊಂಡ ಹೆಣ್ಣು ಬೇಡ.

ಕೂಲಿಯೋರ ಸಾಲುಮನೆಗೆ ಇಲ್ಲಿ ಲೈನು ಅಂತಾರೆ. ಆ ಲೈನಿನ ಖೋಲಿ ಕೊಡೋದು ಗಂಡ-ಹೆಂಡಿರ ಜೋಡಿಗೆ ಮಾತ್ರ. ನಮ್ಮಂಥ ಗಂಡಸಿಲ್ಲದವರು ಗೊಬ್ಬರದ ಕೊಟ್ಟಿಗೆಯಲ್ಲಿ ಬಿದ್ದಿರಬೇಕು. ಅದಕ್ಕೇ ಪಾಲಣ್ಣ ಯಾರಿಗೋ ಯಾರನ್ನೋ ಜೋಡಿ ಅಂತ ರಿಜಿಸ್ಟರಿನಲ್ಲಿ ಬರೆಸ್ತಾನೆ. "ಬರೇ ಕಾಗದದ ಮ್ಯಾಲಿಂದು ಬೇ ಎರ್ರಮ್ಮಕ್ಕ. ಕಾಗದೇನು ಬಸುರು ಮಾಡ್ತೈತೇನು?" ಅಂತ ನಗ್ತಾನೆ.

ಹೆಂಗಸರ ಹೆಸರಿಗೇ ಖೋಲಿ ಬೇಕು ಅಂತ ಹನ್ನೊಂದು ಮಂದಿ ಅರ್ಜಿ ಕೊಟ್ಟಿದ್ದೀವಿ, ನಾನು ರುಜು ಹಾಕಿದೆ, ಉಳಿದೋರು ಹೆಬ್ಬೆಟ್ಟು ಒತ್ತಿದರು. ಓಡಿಸಿದರೆ ಓಡಿಸಲಿ. ಏನಾದರೂ ಆದೀತೆಂಬ ನಂಬಿಕೆ ನನಗಿಲ್ಲ, ಸುಮ್ಮನಿರೋಕೂ ಆಗೋದಿಲ್ಲ.

ಉಚ್ಚಂಗಿಯ ತಲೆ ಸವರಿದೆ ಅಂತ ಹೇಳು. ನಮ್ಮೂರ ದೇವರು ಮರುಳಸಿದ್ಧ ಅವಳನ್ನ ಕಾಯಲಿ. ಅವನು ಕಾಯದಿದ್ದರೆ ನೀನು ಕಾಯಿ.

ನಿನ್ನ ಅಕ್ಕ,
ಎರ್ರಮ್ಮ

ತಾ.ಕ.: ನೀಲಗಂಗಿ ಯಾಕೆ ಒಂದು ಸಾಲೂ ಬರೆಯೋದಿಲ್ಲ ಅಂತ ಕೇಳಿದ್ದೀ. ದಸರಾದಲ್ಲಿ ಬಂದ ವಾರವೇ ಕೊಟ್ಟಿಗೆಯ ಚಳಿ ತಡೀಲಾರದೆ ಅವಳನ್ನ ಪಾಲಣ್ಣನ ಜೋಡಿ ಅಂತ ಬರೆಸಿದವಳು ನಾನು. ಕೂಡ್ಲಿಗಿಯಲ್ಲಿ ಹೆಂಡತಿ ಮಕ್ಕಳಿರೋನು, ಅಪ್ಪನ ವಯಸ್ಸಿನೋನು, ಏನು ಮಾಡಿಯಾನು ಅಂದುಕೊಂಡೆ. ಖೋಲಿ ಸಿಕ್ಕಿತು. ಒಂದು ದಿನ ಕೆಲಸ ಬಿಟ್ಟು ಬಂದರೆ ಒಳಗಿಂದ ಚಿಲಕ ಹಾಕಿತ್ತು. ಬಾಗಿಲು ಬಡಿದು ಬಡಿದು ನನ್ನ ಕೈ ಒಡೆಯಿತು. ಪಂಚಾಯ್ತಿ ಸೇರಿಸಿದರೆ, "ಹೆಂಡತಿ ಅಂತ ರುಜು ಹಾಕಿದೋಳು ನೀನೇ ಅಲ್ಲೇನು?" ಅಂದರು. ಹದಿನೈದರ ಕೂಸು. ಮುಟ್ಟು ನಿಂತು ಎರಡು ತಿಂಗಳಾಯಿತು. ನನ್ನನ್ನ ಬಯ್ಯೋದಿಲ್ಲ, ಅಳೋದೂ ಇಲ್ಲ. ಇವತ್ತು ನಾನು ಬರೆಯೋದು ನೋಡಿ ಬಾಯಿ ಬಿಟ್ಟಳು: "ಉಚ್ಚಂಗಿಗೆ ಬರಬ್ಯಾಡ ಅನ್ನು ಯವ್ವಾ. ಯಾಕಂತ ಮಾತ್ರ ಬರೀಬ್ಯಾಡ."

ಬರೆದುಬಿಟ್ಟೆ.