ನಾಲ್ಕನೇ ಪೈಪ್

ಮಾರ್ಚ್ 3, ಬೆಳಿಗ್ಗೆ 11

ಮೂರನೇ ಪೈಪ್ ಮತ್ತೆ ಕತ್ತರಿಸಿದೆ. ಅರ್ಧ ಬೆರಳು ಉದ್ದ ಬಂದಿತ್ತು. ಅಣ್ಣನಿಗೆ ಹೇಳಿದರೆ ‘ಅರ್ಧ ಬೆರಳಿಗೆ ಕಾರೇನು ಅಳುತ್ತಾ’ ಅನ್ನುತ್ತಾನೆ. ಹೇಳಲಿಲ್ಲ.

ಹಲ್ಲಿನ ಡಾಕ್ಟರ ಹಳೇ ಕಾರು ನಮ್ಮ ಹಿತ್ತಿಲಲ್ಲಿ ಬಾನೆಟ್ ತೆರೆದುಕೊಂಡು ನಿಂತು ಹನ್ನೆರಡು ದಿನ. ಎಂಜಿನ್ನಿನ ಹೊಗೆ ಹೊರಗೆ ಬಿಡುವ ಎರಕದ ಮ್ಯಾನಿಫೋಲ್ಡ್ ಸೀಳಿಹೋಗಿದೆ. ಹೊಸದು ಸಿಗುವುದಿಲ್ಲ, ಕಾರು ಮಾಡಿದ ಕಂಪನಿಯೇ ಮುಚ್ಚಿದೆ. ಅದಕ್ಕೆ ಪೈಪಿನಲ್ಲಿ ಹೆಡರ್ ಮಾಡುತ್ತಿದ್ದೇವೆ. ಎಂಜಿನ್ನಿನ ನಾಲ್ಕು ಬಾಯಿಗೆ ನಾಲ್ಕು ಪೈಪ್. ಬಗ್ಗಿ ಬಳಸಿ ಕೆಳಗೆ ಬಂದು ಒಂದರಲ್ಲಿ ಸೇರಬೇಕು. ನಾಲ್ಕೂ ಒಂದೇ ಉದ್ದ. ಇಲ್ಲದಿದ್ದರೆ ಒಂದರ ಉಸಿರು ಇನ್ನೊಂದರ ಕುತ್ತಿಗೆ ಹಿಸುಕುತ್ತದೆ ಎಂದು ಸೋದರಮಾವ ಹೇಳುತ್ತಿದ್ದ.

ಗ್ಯಾಸ್ ವೆಲ್ಡಿಂಗ್ ಸೆಟ್ಟು ಮಾವನದೇ. ಕಣ್ಣು ಮಂಜಾದ ಮೇಲೆ ನಮ್ಮ ಶೆಡ್ಡಿನಲ್ಲಿ ಇಟ್ಟುಹೋದ. ಅಣ್ಣನಿಗೆ ಅಂತ ಇಟ್ಟದ್ದು. ಅಣ್ಣ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಕೈ ಚುರುಕು, ತಾಳ್ಮೆ ಮಾತ್ರ ಸಾಸಿವೆ ಕಾಳಷ್ಟೂ ಇಲ್ಲ. ಅವನಿಗೆ ಪೈಪ್ ಹಿಡಿದುಕೊಳ್ಳಲು ಕೂತವಳು ನಾನು. ಒಂದು ದಿನ ಬೆಂಕಿ ಬಿಡುವ ಬೆಸುಗೆ ಟಾರ್ಚು ನನ್ನ ಕೈಗೆ ಬಂತು. ಎಡಗೈಗೆ. ಆಮೇಲೆ ವಾಪಸ್ ಹೋಗಲಿಲ್ಲ.

ಉದ್ದ ಅಳೆಯುವುದು ಮರಳಲ್ಲಿ. ಒಂದು ತುದಿಗೆ ಬಟ್ಟೆ ತುರುಕಿ, ಟೀ ಲೋಟದಲ್ಲಿ ಮರಳು ಸುರಿಯುವುದು. ಮೊದಲನೆಯದಕ್ಕೆ ಏಳು ಲೋಟ ಹಿಡಿಯಿತು. ನಾಲ್ಕಕ್ಕೂ ಏಳೇ ಹಿಡಿಯಬೇಕು. ಅಮ್ಮ ನೋಡಿಬಿಟ್ಟಳು.

“ಅಯ್ಯೋ, ಅದು ನಿಮ್ಮಪ್ಪ ಟೀ ಕುಡಿಯೋ ಲೋಟ ಕಣೇ! ಹೊಟ್ಟೇಲಿ ಮನೆ ಕಟ್ಟಬೇಕಾ ಅವರು?”

ಈಗ ಮೂರನೆಯದಕ್ಕೂ ಏಳು.

ಮಾರ್ಚ್ 4

ಫ್ಲ್ಯಾಂಜ್ ಕಟ್ಟಿದೆ. ಪೈಪುಗಳನ್ನು ಎಂಜಿನ್ನಿಗೆ ಕೂರಿಸುವ ದಪ್ಪ ಪಟ್ಟಿ ಅದು. ಬೆಂಕಿಗೆ ಸೊಟ್ಟಗಾಗಬಾರದೆಂದು ಗುಜರಿಯ ಹಳೇ ಸಿಲಿಂಡರ್ ಹೆಡ್ಡಿಗೆ, ಎಂಜಿನ್ನಿನ ಆ ಭಾರದ ಮೇಲ್ಭಾಗಕ್ಕೆ, ಬೋಲ್ಟ್ ಬಿಗಿದೇ ವೆಲ್ಡ್ ಮಾಡಬೇಕು. ಪೂರ್ತಿ ತಣ್ಣಗಾದ ಮೇಲೆ ಬಿಚ್ಚಬೇಕು.

ಅಣ್ಣ ಸಾಯಂಕಾಲ ಖುಷಿಯಲ್ಲಿದ್ದ. “ಇದೊಂದು ಸರಿಯಾಗಿ ಕೂತ್ಕೊಳ್ಲಿ. ಹಳೇ ಕಾರುಗಳನ್ನ ಹೊಸದು ಮಾಡ್ತಾರಲ್ಲ, ಆ ದೊಡ್ಡ ವರ್ಕ್‌ಶಾಪಿಗೆ ಕರ್ಕೊಂಡ್ಹೋಗ್ತೀನಿ ನಿನ್ನ. ‘ನನ್ನ ತಂಗಿ ಕೈಕೆಲಸ’ ಅಂತ ಎದುರಿಗೇ ಹೇಳ್ತೀನಿ. ಅಲ್ಲಿ ನಿಂಗೊಂದು ಬೆಂಚು ಗ್ಯಾರಂಟಿ.”

ಬೆಂಚು. ನನ್ನದೇ ಒಂದು. ಪೈಪು ಕಚ್ಚಿ ಹಿಡಿಯುವ ವೈಸ್ ಇರುತ್ತೆ ಅದಕ್ಕೆ. ಬೆಳಕು ಮೇಲಿಂದ ಬೀಳುತ್ತೆ. ಐದನೇ ಕ್ಲಾಸು ಬಿಟ್ಟಮೇಲೆ ನನ್ನ ಜಾಗ ಅಂತ ಯಾವ ಬೆಂಚೂ ಇಲ್ಲ.

ಮಾರ್ಚ್ 6

ನಿನ್ನೆ ಬೆಳಿಗ್ಗೆ, ಬಿಸಿ ಇರುವಾಗಲೇ ಅಣ್ಣ ಬೋಲ್ಟ್ ಬಿಚ್ಚಿದ್ದಾನೆ. ನಾನು ಸ್ನಾನಕ್ಕೆ ಹೋಗಿದ್ದೆ. ಅಷ್ಟರಲ್ಲಿ.

ಫ್ಲ್ಯಾಂಜ್ ಬಾಳೆಕಾಯಿ ಆಗಿದೆ. ಎರಡು ತುದಿ ಎದ್ದು ನಿಂತಿವೆ. “ಅಷ್ಟೇ ತಾನೇ, ಅರ ಹಾಕು” ಅಂದ. ಆಗಿನಿಂದ ಅರ ಹಾಕುತ್ತಿದ್ದೇನೆ. ಭುಜ ನನ್ನದಲ್ಲ ಅನ್ನಿಸುತ್ತಿದೆ. ಗಾಜಿನ ಮೇಲೆ ಇಟ್ಟು ನೋಡಿದೆ... ಅಡಿಯಲ್ಲಿ ಇನ್ನೂ ಬೆಳಕು ಕಾಣುತ್ತೆ.

ಮಾರ್ಚ್ 9

ಕೂತಿತು. ಸಂದಿನ ಹತ್ತಿರ ಬೆರಳು ಹಿಡಿದು ನೋಡಿದೆ, ಎಲ್ಲೂ ಹೊಗೆ ಇಲ್ಲ. ಸದ್ದು ಹೇಗೆ ಬರೆಯಲಿ... ಮೊದಲು ಆ ಕಾರು ಕೆಮ್ಮುತ್ತಿತ್ತು. ಇವತ್ತು ಗಂಟಲು ಸರಿಮಾಡಿಕೊಂಡು ಮಾತಾಡಿತು.

ಹಲ್ಲಿನ ಡಾಕ್ಟರು ಬಂದಿದ್ದರು. ಎರಡು ಸಲ ರೇಸ್ ಕೊಟ್ಟು ನಕ್ಕರು. ಬಗ್ಗಿ ಬೆಸುಗೆ ನೋಡಿದರು. “ಆಹಾ, ಮೀನಿನ ಹುರುಪೆ ಜೋಡಿಸಿದ ಹಾಗಿದೆ. ಯಾರಪ್ಪಾ ಮಾಡಿದ್ದು?”

ನಾನು ಟೀ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ.

“ನಾನೇ ಸಾರ್” ಅಂದ ಅಣ್ಣ. ಎಷ್ಟು ಸಲೀಸಾಗಿ.

ಅವರು ಹೋದ ಮೇಲೆ ನನ್ನ ಮುಖ ನೋಡಿ ಅಂದ: “ಹೆಣ್ಣುಹುಡುಗಿ ಮಾಡಿದ್ದು ಅಂದಿದ್ರೆ ಕಾರು ಹತ್ತೋಕೇ ಹೆದರ್ತಿದ್ರು ಕಣೇ. ಜನರ ಹಲ್ಲು ಕೀಳೋರಿಗೆ ಧೈರ್ಯ ಕಮ್ಮಿ. ವರ್ಕ್‌ಶಾಪಲ್ಲಿ ಹೇಳ್ತೀನಿ ಬಿಡು.”

ನಗು ಬಂತು, ನಕ್ಕೆ. ಆಮೇಲೆ ಯಾಕೆ ನಕ್ಕೆ ಅಂತ ನನ್ನ ಮೇಲೇ ಸಿಟ್ಟು.

ಮಾರ್ಚ್ 17, ಮಧ್ಯಾಹ್ನ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಡಾಕ್ಟರು ಕಾರನ್ನು ದೊಡ್ಡ ವರ್ಕ್‌ಶಾಪಿಗೆ ಪೇಂಟಿಗೆ ಬಿಟ್ಟಿದ್ದರಂತೆ. ಅಲ್ಲಿನ ದೊಡ್ಡ ಮೇಸ್ತ್ರಿ ಹೆಡರ್ ನೋಡಿ, ಮಾಡಿದವರ ಮನೆ ಹುಡುಕಿಕೊಂಡು ಬಂದರು. ಅರವತ್ತು ದಾಟಿದವರು, ವೆಲ್ಡಿಂಗಿನಲ್ಲೇ ನಲವತ್ತು ವರ್ಷ. ಹುಬ್ಬು ಸುಟ್ಟು ಬೆಳೆದೇ ಇಲ್ಲ. ಶೆಡ್ಡೆಲ್ಲ ಕಣ್ಣಾಡಿಸಿದರು. ಟಾರ್ಚ್ ಮುಟ್ಟಿ ನೋಡಿದರು. ಆಮೇಲೆ ಸುಮ್ಮನೆ ಕೇಳಿದಂತೆ ಕೇಳಿದರು.

“ಈ ಮನೇಲಿ ಎಡಗೈಯವರು ಯಾರಯ್ಯಾ?”

ಅಣ್ಣ ನೀರು ಕುಡಿಯುತ್ತಿದ್ದ. ಬಲಗೈಯಲ್ಲಿ. “ಯಾಕೆ ಸಾರ್?”

“ಟಾರ್ಚು ಬಲಗೈಲಿದ್ರೆ ಬೆಸುಗೆ ಬಲದಿಂದ ಎಡಕ್ಕೆ ನಡೆಯುತ್ತೆ. ಆ ಹೆಡರ್‌ನಲ್ಲಿ ಎಲ್ಲ ಎಡದಿಂದ ಬಲಕ್ಕೆ. ಪೈಪಿನ ಸಂದೀಲೂ ಹಾಗೇ. ಹುರುಪೆ ಯಾವ ಕಡೆ ಮುಖ ಮಾಡಿದೆ ಅಂತ ನಂಗೆ ಕಾಣಲ್ವಾ?”

ಅಣ್ಣ ಲೋಟವನ್ನು ಎಡಗೈಗೆ ದಾಟಿಸಿದ.

“ನಂಗೆ ಎರಡೂ ಕೈ ಆಗುತ್ತೆ ಸಾರ್. ಜಾಗ ಇಕ್ಕಟ್ಟು ನೋಡಿ” ಅಂದ.

ಮೇಸ್ತ್ರಿ ನನ್ನ ಕಡೆ ತಿರುಗಿದರು. “ನೀನೇನಮ್ಮಾ ಮಾಡ್ಕೊಂಡಿದೀಯ?”

ಕೇಳಿದ್ದು ನನ್ನನ್ನೇ. ಮರ್ಯಾದೆಯಾಗೇ ಕೇಳಿದರು. ಬಾಗಿಲು ತೆಗೆದು ಒಳಗೆ ಬಾ ಅಂದ ಹಾಗಿತ್ತು. ನನ್ನ ಎಡಗೈ ತಾನಾಗೇ ಬೆನ್ನ ಹಿಂದೆ ಹೋಯಿತು.

“ಅಡುಗೆ” ಅಂದೆ.

ಅಣ್ಣ ಸುಳ್ಳು ಹೇಳಿದ್ದು ಎರಡು ಸಲ. ನಾನು ಒಂದೇ ಸಲ. ಯಾವುದು ದೊಡ್ಡದು?

ಮಾರ್ಚ್ 18

ಅಣ್ಣನಿಗೆ ಅಲ್ಲಿ ಕೆಲಸ ಆಯಿತು. ಅಮ್ಮ ಬೀದಿಗೆಲ್ಲ ಹೇಳಿಬಂದಳು. ಅಪ್ಪ ಲೋಟ ತೊಳೆದು ಟೀ ಕುಡಿದರು. ಲೋಟ ತೊಳೆದದ್ದು ನನ್ನನ್ನು ನೋಡುತ್ತಲೇ. ಏನೋ ಹೇಳಬೇಕೆಂದಿದ್ದರೋ ಏನೋ. ನಮ್ಮ ಮನೆಯಲ್ಲಿ ಮಾತು ಬರದಿರುವುದು ಅಪ್ಪನ ಕಡೆಯಿಂದ.

ಮಾರ್ಚ್ 26

ಅಣ್ಣ ಸ್ಕೂಟರಿನಲ್ಲಿ ಪೈಪು ಕಟ್ಟಿಕೊಂಡು ಬಂದ. ಅಲ್ಲಿ ಇನ್ನೊಂದು ಹಳೇ ಕಾರು ಬಂದಿದೆಯಂತೆ, ಅದಕ್ಕೂ ಹೆಡರ್. ‘ನನ್ನ ಸೆಟ್ಟಲ್ಲಿ ಮನೇಲೇ ಮಾಡ್ಕೊಂಡು ಬರ್ತೀನಿ’ ಅಂತ ಒಪ್ಪಿಸಿದ್ದಾನೆ.

“ನನ್ನ ಬಗ್ಗೆ ಹೇಳಿದ್ಯಾ ಅಲ್ಲಿ?”

“ಈಗ ತಾನೇ ಕಾಲಿಟ್ಟಿದೀನಿ. ಆತುರ ಯಾಕೆ?” ಪೈಪು ಕೆಳಗಿಟ್ಟ. “ಒಂದು ಮಾತು ಕಣೇ. ಈ ಸಲ ಟಾರ್ಚು ಬಲಗೈಲಿ ಹಿಡಿ. ಆ ಮುದುಕ ದಿನಾ ನನ್ನ ಕೈಯೇ ನೋಡ್ತಾನೆ.”

ಮಾರ್ಚ್ 29

ಬಲಗೈ ಬೇರೆಯವರ ಮನೆ ಕೈ ಇದ್ದ ಹಾಗೆ. ಹೇಳಿದ್ದು ಕೇಳುತ್ತೆ, ಮನಸ್ಸಿಟ್ಟು ಮಾಡಲ್ಲ. ಗುಜರಿ ಚೂರುಗಳ ಮೇಲೆ ಕಲಿಯುತ್ತಿದ್ದೇನೆ. ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಎರಡು ಕಡೆ ತೂತು. ಹೆಬ್ಬೆರಳು ಸುಟ್ಟಿತು.

ಅಮ್ಮ: “ಇಷ್ಟು ವರ್ಷ ಚೆನ್ನಾಗಿ ಮಾಡ್ತಿದ್ದೆಯಲ್ಲೇ, ಈಗೇನು ಬಂತು?”

ಏನೂ ಇಲ್ಲಮ್ಮ. ಮೊದಲಿಂದ ಕಲೀತಿದ್ದೀನಿ, ಅಣ್ಣನಾಗೋದು ಹೇಗೆ ಅಂತ. ಹೀಗೆ ಹೇಳಲಿಲ್ಲ. ಇಲ್ಲಿ ಬರೆದೆ.

ಏಪ್ರಿಲ್ 2

ಬಂತು. ಬಲಗೈಗೂ ಬಂತು. ಹೊಸ ಹೆಡರಿನ ಮೂರು ಪೈಪು ಮುಗಿಸಿದೆ. ಹುರುಪೆ ಎಲ್ಲ ಎಡಕ್ಕೆ ನಡೆದಿದೆ, ಒಂದರ ಹಿಂದೆ ಒಂದು. ಬೆಳಕಿಗೆ ಹಿಡಿದು ನೋಡಿದೆ. ಚೆನ್ನಾಗಿದೆ. ನನ್ನದು ಅಂತ ನನಗೇ ಹೇಳೋಕಾಗಲ್ಲ.

ನಾಲ್ಕನೆಯದು ಮಾಡಿಲ್ಲ. ಆ ಕಾರಿನಲ್ಲಿ ಸ್ಟೀರಿಂಗ್ ರಾಡು ಅಲ್ಲೇ ಹಾದುಹೋಗುತ್ತದಂತೆ. ಒಂದು ಕೂದಲು ಈಚೆ ಬಂದರೂ ತಾಗುತ್ತೆ. ಕಾರಿಗೆ ಕೂರಿಸಿ, ಅಲ್ಲೇ ಗುರುತು ಮಾಡಿ, ಅಲ್ಲೇ ವೆಲ್ಡ್ ಮಾಡಬೇಕು. ಕಾರು ಇರುವುದು ವರ್ಕ್‌ಶಾಪಿನಲ್ಲಿ.

“ನನ್ನ ಕರ್ಕೊಂಡ್ಹೋಗು” ಅಂದೆ. ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

“ನಿನ್ನಾ? ಅಲ್ಲಿ ಮೂವತ್ತು ಜನ ಗಂಡಸರು. ನೀನು ಪಕ್ಕದ ಅಂಗಡೀಲಿ ಸೋಪು ಕೇಳೋಕೆ ಮೂರು ಸಲ ಗಂಟಲು ಸರಿಮಾಡ್ಕೋತೀಯ.”

ಅದು ನಿಜ.

“ಒಂದು ಪೈಪ್ ತಾನೇ. ನಾನೇ ಮಾಡ್ತೀನಿ.”

ಏಪ್ರಿಲ್ 3, ಸಾಯಂಕಾಲ 7

ಅಣ್ಣ ಬಂದ. ಕೈಕಾಲು ತೊಳೆಯದೆ ಊಟಕ್ಕೆ ಕೂತ. ಅಮ್ಮ ಕೆದಕಿ ಕೆದಕಿ ಬಿಡಿಸಿದಳು.

ಎಲ್ಲರೂ ಊಟಕ್ಕೆ ಹೋದಾಗ ನಾಲ್ಕನೇ ಪೈಪ್ ತಾನೇ ಕಟ್ಟಿದನಂತೆ. ಬೆಂಕಿ ಜಾಸ್ತಿಯಾಗಿ ತೂತು ಬಿತ್ತು. ತೂತಿನ ಮೇಲೆ ತಂತಿ ಕರಗಿಸಿ ಮೆತ್ತಿದ. ಎಂಜಿನ್ ಸ್ಟಾರ್ಟ್ ಮಾಡಿದಾಗ ಅಲ್ಲಿಂದ ಬೆಂಕಿ ಉಗುಳಿತು. ದೊಡ್ಡ ಮೇಸ್ತ್ರಿ ಬಂದು ನೋಡಿದರು.

“ಏನಂದೆ ಅವರಿಗೆ?” ಅಮ್ಮ ಕೇಳಿದಳು.

“ಏನಾದ್ರೂ ಹೇಳ್ಬೇಕಿತ್ತಲ್ಲ. ಇದೊಂದು ಪೈಪು ಮನೇಲಿ ತಂಗಿ ಆಸೆಪಟ್ಟು ಮಾಡಿದ್ಲು ಅಂದೆ.”

ನಾನು ಅನ್ನ ಬಡಿಸುತ್ತಿದ್ದೆ. ಬಡಿಸಿದೆ.

ಚೆನ್ನಾಗಿ ಬಂದದ್ದೆಲ್ಲ ಅವನದು. ತೂತು ಬಿದ್ದದ್ದು ನನ್ನದು. ಇಷ್ಟು ದಿನ ನನ್ನ ಕೆಲಸಕ್ಕೆ ದಿಕ್ಕಿರಲಿಲ್ಲ. ಇವತ್ತು ನಾನು ಮಾಡದ ಕೆಲಸಕ್ಕೆ ನಾನು ಸಿಕ್ಕಿದೆ.

ಏಪ್ರಿಲ್ 5, ಭಾನುವಾರ

ದೊಡ್ಡ ಮೇಸ್ತ್ರಿ ಬಂದರು. ಹೆಡರನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಶೆಡ್ಡಿನಲ್ಲಿ ನನ್ನ ಮುಂದೆ ಇಟ್ಟರು. ಅಣ್ಣನ ಮುಂದೆ ಅಲ್ಲ.

“ಮೂರು ಪೈಪು ಒಂದು ಕೈ. ನಾಲ್ಕನೇದು ಇನ್ನೊಂದು ಕೈ. ಕೆಟ್ಟದ್ದು ತಂಗೀದು ಅಂತ ಇವನು ಹೇಳ್ತಾನೆ. ಇರಲಿ. ಆ ಮೂರೂ ಇವನದೇ ಆದ್ರೆ, ಈಗ ನನ್ನ ಮುಂದೆ ಸರಿ ಮಾಡ್ಲಿ.”

ಅಣ್ಣ ನೆಲ ನೋಡಿದ. ಅಮ್ಮ ಬಾಗಿಲಲ್ಲಿ ಬಾಯಿಗೆ ಕೈಯಿಟ್ಟುಕೊಂಡು ನಿಂತಳು. ಮಾತಾಡುವ ಸರದಿ ನನ್ನದು. ಕೂತೆ. ಮತ್ತೆ ಅದೇ ಜಾಗಕ್ಕೆ ಕೂರಲೆಂದು ನಾಲ್ಕನೇ ಪೈಪಿಗೆ ಚಾಕ್‌ಪೀಸಲ್ಲಿ ಗುರುತು ಹಾಕಿ, ಗ್ರೈಂಡರಿನಲ್ಲಿ ಬಿಡಿಸಿದೆ. ತೂತಾದ ಚೂರು ತೆಗೆದು ಬೇರೆ ಚೂರು ಕೂರಿಸಿದೆ. ಟಾರ್ಚ್ ಹೊತ್ತಿಸಿದೆ. ಎಡಗೈಯಲ್ಲಿ ಹಿಡಿದೆ.

ಮುಕ್ಕಾಲು ಗಂಟೆ. ಮೇಸ್ತ್ರಿ ತಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಗ್ಗುಲಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದರು. ಮುಗಿದ ಮೇಲೆ ಉಸಿರು ಬಿಟ್ಟರು. ನನಗೆ ಆಗಲೇ ಗೊತ್ತಾದದ್ದು ಅವರೂ ಉಸಿರು ಹಿಡಿದಿದ್ದರು ಅಂತ.

“ಚಿನ್ನದಂಥ ಕೈ” ಅಂದರು.

ಆಮೇಲೆ ನನ್ನ ತಲೆಯ ಮೇಲಿಂದ ಅಣ್ಣನಿಗೆ ಹೇಳಿದರು. “ಮೊದಲೇ ಹೇಳೋದಲ್ವೇನಯ್ಯಾ. ಇನ್ಮೇಲೆ ಹೆಡರ್ ಎಲ್ಲ ಇವಳ ಕೈಲೇ ಮಾಡಿಸು. ನೀನು ಅಲ್ಲಿ ಫಿಟ್ಟಿಂಗ್ ನೋಡ್ಕೋ. ನಿನ್ನ ಕೆಲಸಕ್ಕೇನೂ ಭಯ ಇಲ್ಲ.”

“ಬೆಂಚು...” ಅಂದೆ. ಎಲ್ಲರೂ ತಿರುಗಿದರು. “ಅಲ್ಲಿ... ನನಗೊಂದು ಬೆಂಚು...”

“ಅಲ್ಲಿಗ್ಯಾಕಮ್ಮಾ?” ಎಷ್ಟು ಪ್ರೀತಿಯಿಂದ ಕೇಳಿದರು. “ಆ ಗಲಾಟೆ, ಆ ಜನ. ಇಲ್ಲಿ ನೆರಳಿದೆ, ಅಮ್ಮ ಇದ್ದಾರೆ. ಆರಾಮಾಗಿ ಮಾಡ್ಕೊಂಡಿರು.”

ಏಪ್ರಿಲ್ 6

ಎಲ್ಲರಿಗೂ ಗೊತ್ತಾಯಿತು. ಏನೂ ಬದಲಾಗಲಿಲ್ಲ. ಸುಳ್ಳು ಇದ್ದಾಗ ಒಂದು ಆಸೆಯಾದರೂ ಇತ್ತು, ನಿಜ ಒಂದು ದಿನ ಬರುತ್ತೆ ಅಂತ. ಬಂತು. ಟೀ ಕುಡಿಯಿತು. ಹೋಯಿತು.

ಅಣ್ಣ ಹಗುರಾಗಿದ್ದಾನೆ. ಶಿಳ್ಳೆ ಹಾಕುತ್ತಾನೆ. ಇನ್ನು ಅವನು ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿಲ್ಲ.

ಏಪ್ರಿಲ್ 14, ಸಂಜೆ 4

ಎರಡು ಕಾರಿನ ಪೈಪು ತಂದು ಶೆಡ್ಡಿನ ಬಾಗಿಲಲ್ಲಿ ಸುರಿದ. ಎಂಟು. “ಶನಿವಾರಕ್ಕೆ ಬೇಕಂತೆ.”

ನಾನು ಫ್ಲ್ಯಾಂಜ್ ಉಜ್ಜುತ್ತಿದ್ದೆ. “ಆಗಲ್ಲ” ಅಂದೆ. ಗ್ರೈಂಡರ್ ಓಡುತ್ತಿತ್ತು, ಅವನಿಗೆ ಕೇಳಿಸಲಿಲ್ಲ. ಸ್ವಿಚ್ ಆರಿಸಿದೆ. ಚಕ್ರ ನಿಲ್ಲುವವರೆಗೆ ಕಾದೆ. ಇನ್ನೊಂದು ಸಲ ಹೇಳಿದೆ.

“ಏನು ಆಗಲ್ಲ?”

“ಇಲ್ಲಿ ಮಾಡೋಕಾಗಲ್ಲ. ಅಲ್ಲಿ ಬೆಂಚು ಕೊಟ್ರೆ ಮಾಡ್ತೀನಿ.”

ಮೊದಲು ನಕ್ಕ. ಆಮೇಲೆ ಅಮ್ಮನನ್ನು ಕರೆದ. ಅಮ್ಮ ಬಂದು, “ಮಾಡಿಕೊಡೇ, ಅಣ್ಣ ಅಲ್ವಾ, ಅವನ ಕೆಲಸ ಹೋದ್ರೆ ಮನೆ ಗತಿಯೇನು” ಅಂದಳು. ಅವಳ ಮಾತೂ ಸುಳ್ಳಲ್ಲ. ಅದಕ್ಕೇ ಸಂಕಟ. ಇಬ್ಬರನ್ನೂ ಹೊರಗೆ ಬಿಟ್ಟು ಶೆಡ್ಡಿನ ಚಿಲಕ ಹಾಕಿಕೊಂಡೆ. ನನ್ನ ಕೈಯೇ ಹಾಕಿತು. ಯಾವ ಕೈ ಅಂತ ನೋಡಲಿಲ್ಲ.

ಒಳಗೆ ಕೂತು ಬರೆಯುತ್ತಿದ್ದೇನೆ. ಅಮ್ಮ ಹೋದಳು, ಹೆಜ್ಜೆ ಕೇಳಿಸಿತು. ಅವನು ಬಾಗಿಲು ಬಡಿಯುತ್ತಿದ್ದಾನೆ. ನಿಲ್ಲಿಸಿದ. ಈಗ ಕರೆಯುತ್ತಿದ್ದಾನೆ. ‘ಏ ಹುಡುಗಿ’ ಅಂತಲ್ಲ. “ಏನಮ್ಮಾ ವೆಲ್ಡರೂ, ಬಾಗಿಲು ತೆಗೀತೀಯೋ ಇಲ್ವೋ?”

ಅಣಕಿಸೋಕೇ ಅಂದದ್ದು. ಗೊತ್ತು. ಆದರೂ ವೆಲ್ಡರ್ ಅಂತ ನನ್ನನ್ನು ಯಾರಾದರೂ ಕರೆದದ್ದು ಇದೇ ಮೊದಲು.