ಪಾಲಯ್ಯನ ಸೂಪಿಗೆ ನಾನು ಬೆರೆಸಿದ್ದು

ಮರುಎಣಿಕೆಯ ನೂರ ಹನ್ನೆರಡನೆಯ ವರ್ಷ,
ಹದಿಮೂರನೆಯ ತಿಂಗಳು, ಮೂವತ್ತಮೂರನೆಯ ದಿನ
ಬಾರೆಹಟ್ಟಿ, ಚಳ್ಳಕೆರೆಯ ಆಚೆಯ ಹುಲ್ಲುಗಾವಲು

ಪ್ರಮೀಳಜ್ಜಿಗೆ,

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದುಕೊಂಡು ಕಾಗದ ಮಡಿಚಿಡಬೇಡ. ನಮ್ಮಲ್ಲಿ ಬೇಸಿಗೆ ತೀರಾ ಉದ್ದವಾದ ಮೇಲೆ ಹಿರಿಯರು ಕೂತು ವರ್ಷವನ್ನು ಮತ್ತೆ ಎಣಿಸಿದರು. ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತು, ಹದಿಮೂರನೆಯದೊಂದು ತಿಂಗಳು ಕಟ್ಟಿ, ಅದನ್ನು ಬಿಸಿಮಾಸ ಎಂದು ಕರೆದರು. ನಿನ್ನ ಲೆಕ್ಕದಲ್ಲಿ ನಾವು ಇನ್ನೂರ ಎಂಬತ್ತು ವರ್ಷ ಆಚೆ ಇದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವಾಗಿ ಕೇಳಿಸುತ್ತವೆ, ಕ್ಷಮಿಸು. ಬಂದ ಕಡೆ ಬಿಡಿಸಿ ಹೇಳುತ್ತೇನೆ. ವಯಸ್ಸಿನಲ್ಲಿ ನಾನು ನಿನ್ನ ತಾಯಿಯಷ್ಟು ದೊಡ್ಡವಳು, ನನಗೀಗ ಅರವತ್ತೊಂದು. ವಂಶದಲ್ಲಿ ನೀನು ನನ್ನ ಅಜ್ಜಿಯ ಅಜ್ಜಿಗೂ ಹಿರಿಯಳು. ಅದಕ್ಕೆ ಅಜ್ಜಿ ಎನ್ನುತ್ತೇನೆ, ನೀನು ಎಂದೇ ಬರೆಯುತ್ತೇನೆ.

ನೀನು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಬರೆದ ಒಂದು ನೋಟ್‌ಬುಕ್ಕು ನಮ್ಮ ಹಟ್ಟಿಯ ಹಳೆಗಂಟಿನಲ್ಲಿ ಉಳಿದಿದೆ. ಹಳೆಗಂಟು ಎಂದರೆ ನೆರೆ, ಬೆಂಕಿ, ಗುಳೆ ಎಲ್ಲ ದಾಟಿ ಬಂದ ಕಾಗದಪತ್ರಗಳ ಪೆಟ್ಟಿಗೆ. ಏನು ತಿಂದರೂ ಹೊಟ್ಟೆ ಉಬ್ಬರಿಸಿ, ನುಲಿದು, ದಿನಕ್ಕೆ ಎಂಟು ಸಲ ಓಡುವಂತಾಗಿ, ಡಾಕ್ಟರುಗಳ ಔಷಧಿ ಎಲ್ಲ ಮುಗಿದ ಮೇಲೆ ನೀನು ಅನ್ನ, ರೊಟ್ಟಿ, ಕಾಳು, ತರಕಾರಿ ಎಲ್ಲ ಬಿಟ್ಟು ಬರೀ ಮಾಂಸ, ಮೊಟ್ಟೆ, ಉಪ್ಪು, ನೀರು ಇಷ್ಟರಲ್ಲೇ ಇದ್ದು ನೋಡಿದ್ದೀಯ. ನಲವತ್ತೊಂದು ದಿನ ಬರೆದಿದ್ದೀಯ. ಆಮೇಲೆ ಹಾಳೆ ಖಾಲಿ. ಯಾಕೆ ನಿಲ್ಲಿಸಿದೆ ಎಂದು ಗೊತ್ತಿಲ್ಲ. ಆ ನೋಟ್‌ಬುಕ್ಕು ನನ್ನ ತಮ್ಮ ಪಾಲಯ್ಯನ ಕೈಗೆ ಸಿಕ್ಕಿತ್ತು. ಅವನ ಕಥೆಯನ್ನು ನಾನು ಈ ಹಟ್ಟಿಯಲ್ಲಿ ಯಾರಿಗೂ ಹೇಳಿಲ್ಲ. ನೀನು ಸತ್ತು ಇನ್ನೂರು ವರ್ಷದ ಮೇಲಾಗಿದೆ, ನಿನ್ನ ಎದುರು ಹೇಳಬಲ್ಲೆ ಅನ್ನಿಸುತ್ತದೆ.

ಮೊದಲು ನಮ್ಮ ಊಟದ ರೀತಿ ತಿಳಿಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಮನೆಗೊಂದು ಒಲೆ ಇಲ್ಲ. ಅರವತ್ತು ಮನೆಗೆ ಸೇರಿ ಒಂದು ಒಲೆ, ಅದಕ್ಕೆ ಒಂದೊಲೆ ಎಂದೇ ಹೆಸರು. ಬಿಸಿಲಿನ ಕನ್ನಡಿಗಳಿಂದ ಕಾಯುವ ಆ ಒಲೆಯ ಮುಂದೆ ಮೂವತ್ತು ವರ್ಷದಿಂದ ಅಡುಗೆಯ ಹಿರಿಯಳು ನಾನೇ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಯಾರೂ ಬಯಲಿಗೆ ಕಾಲಿಡುವಂತಿಲ್ಲ. ಆ ಹೊತ್ತಿಗೆ ನೆರಳುಗಂಟೆ ಅನ್ನುತ್ತೇವೆ. ಎಲ್ಲರೂ ಒಂದೊಲೆಯ ಚಪ್ಪರದಡಿ ಸಾಲಾಗಿ ಕೂತು ಉಂಡು, ಉಣ್ಣೆ ಹಿಂಜುತ್ತಾ, ಪಕ್ಕದವರ ಕಾಲೆಳೆಯುತ್ತಾ ಕಳೆಯುವ ಹೊತ್ತು ಅದು. ತಿನ್ನುವುದು ಕಲ್ಗೋಧಿ. ಅದು ನಿನ್ನ ಕಾಲದ ಗೋಧಿಯ ತಳಿಯೇ, ಆದರೆ ಕಲ್ಲುನೆಲದಲ್ಲೂ, ಇಬ್ಬನಿಯ ನೀರಿನಲ್ಲೂ ಬೆಳೆಯುವಂತೆ ಪಳಗಿಸಿದ್ದು. ಮುದ್ದೆ, ರೊಟ್ಟಿ, ಅಂಬಲಿ ಎಲ್ಲವೂ ಅದರದೇ. ಕುರಿ ಬೇಕಾದಷ್ಟಿವೆ, ಆದರೆ ಅವು ಉಣ್ಣೆಗೆ, ಗೊಬ್ಬರಕ್ಕೆ. ಬಾಡೂಟ ವರ್ಷಕ್ಕೆ ನಾಲ್ಕು ಸಲ ಮಾತ್ರ.

ಇನ್ನೊಂದು ಪದ್ಧತಿ ಇದೆ. ಇಲ್ಲಿ ಮಗು ಹುಟ್ಟಿದರೆ ಅದರ ಹೆಸರಿನಲ್ಲಿ ಕಲ್ಗೋಧಿಯ ಒಂದು ಸಾಲು ಬಿತ್ತುತ್ತಾರೆ. ಆ ಸಾಲಿನ ಕಾಳೇ ಅದರ ಹೆಸರುಗಾಳು. ಒಂದೊಲೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಎಲ್ಲರ ಹೆಸರೂ ಇರುತ್ತದೆ. ಪ್ರತಿ ಅಮಾವಾಸ್ಯೆ ಪ್ರತಿಯೊಬ್ಬರೂ ತಮ್ಮ ಹೆಸರುಗಾಳು ಉಣ್ಣಲೇಬೇಕು. ಉಂಡರೆಂದು ಅಡುಗೆಯ ಹಿರಿಯಳು ಒಲೆ ಮುಟ್ಟಿ ಹೇಳಬೇಕು. ಒಂದು ಅಮಾವಾಸ್ಯೆ ತಪ್ಪಿದರೆ ಮಾಫಿ. ಎರಡನೆಯದೂ ತಪ್ಪಿದರೆ ಸುಣ್ಣ ಬಳಿದು ಹೆಸರು ಅಳಿಸುತ್ತಾರೆ. ಅಳಿಸಿದ ಮೇಲೆ ಅವನು ಚಪ್ಪರದ ಹೊರಗೆ ಕೂತು ಉಣ್ಣಬೇಕು, ಯಾರೂ ಮಾತಾಡಿಸುವಂತಿಲ್ಲ. ಹಸಿವಿನ ವರ್ಷಗಳಲ್ಲಿ ಕೆಲವರು ಕಾಳು ಬಚ್ಚಿಟ್ಟು ಬೇರೆ ಉಂಡು, ಪಕ್ಕದ ಮನೆಯ ಮಕ್ಕಳು ಸತ್ತದ್ದರಿಂದ ಹುಟ್ಟಿದ ಕಟ್ಟಳೆ ಇದು. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಚಿಕ್ಕಪ್ಪನ ಹೆಸರಿಗೆ ಸುಣ್ಣ ಬಳಿದದ್ದನ್ನು ನೋಡಿದ್ದೆ. ಆಮೇಲೆ ಅವನು ಕುರಿಗಳ ಜೊತೆ ಮಾತ್ರ ಮಾತಾಡುತ್ತಿದ್ದ.

ಪಾಲಯ್ಯ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಅವ್ವ ಹೋದಾಗ ಅವನಿಗೆ ಎರಡು ವರ್ಷ. ನಾನು ಮದುವೆ ಗಿದುವೆ ಅಂತ ಹೋಗದೆ ಅವನನ್ನೇ ಸೊಂಟಕ್ಕೆ ಹಾಕಿಕೊಂಡು ಒಲೆ ಹಿಡಿದೆ. ನನ್ನ ಕೈಯಡುಗೆ ಉಂಡೇ ಬೆಳೆದ. ಅದೇ ಅಡುಗೆ ನಲವತ್ತು ದಾಟಿದ ಮೇಲೆ ಅವನಿಗೆ ಒಗ್ಗದೆ ಹೋಯಿತು. ಉಂಡ ಅರ್ಧ ಗಳಿಗೆಗೆ ಹೊಟ್ಟೆ ಕಲ್ಲಾಗುತ್ತಿತ್ತು, ಮಾರನೆಯ ದಿನ ಭೇದಿ, ಬರಬರುತ್ತಾ ರಕ್ತ. ಕುರಿ ಹೊಡೆದುಕೊಂಡು ದೂರ ಹೋಗುವುದನ್ನು ಬಿಟ್ಟ. ಮೈ ಇಳಿದು ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಂತಾಯಿತು. ಆದರೂ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಈ ಬಯಲಾಗಿರೋ ಒಂದೊಂದ್ ಪೊದೆಗೂ ನನ್ ಪರಿಚಯ ಐತೆ ಕಣಕ್ಕ" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ಜೊತೆಗೆ, ನಾನು ಮಾಡಿದ್ದು ಅವನಿಗೆ ವಿಷವಾಗುತ್ತಿದೆ ಎಂದು ಒಪ್ಪಿಕೊಳ್ಳಲು ನನಗೆ ಆಗುತ್ತಿರಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ನಾಲ್ಕು ತಿಂಗಳಿಗೊಮ್ಮೆ ಬರುವ ಗಾಲಿ ಆಸ್ಪತ್ರೆಯ ಡಾಕ್ಟರ್ ಶಕೀಲಾಗೆ ಅವನು ನಿನ್ನ ನೋಟ್‌ಬುಕ್ಕು ತೋರಿಸಿದ. ಅವರು ಪೂರ್ತಿ ಓದಿ, ಇದು ಎಲ್ಲರಿಗೂ ಹೊಂದುವ ಮದ್ದಲ್ಲ, ಹೀಗೇ ಕೊನೆಯವರೆಗೆ ಇರುವಂಥದ್ದೂ ಅಲ್ಲ ಎಂದರು. ಆದರೆ ಯಾವುದು ಅವನಿಗೆ ಆಗುವುದಿಲ್ಲ ಎಂದು ಪತ್ತೆ ಮಾಡಬೇಕಲ್ಲ, ನಾಲ್ಕು ತಿಂಗಳು ಬರೀ ಮಾಂಸದಲ್ಲಿ ಇರಲಿ, ಹೊಟ್ಟೆ ತಣ್ಣಗಾದರೆ ಆಮೇಲೆ ಒಂದೊಂದೇ ಪದಾರ್ಥ ಸೇರಿಸಿ ನೋಡೋಣ ಎಂದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬೊಮ್ಮಕ್ಕ, ನಡುವೆ ಇನ್ನೇನೂ ಸೇರಬಾರದು. ಒಂದು ಕಾಳು ಸೇರಿದರೂ ನಮಗೆ ಏನೂ ತಿಳಿಯುವುದಿಲ್ಲ." ನಾನು ತಲೆಯಾಡಿಸಿದೆ.

ಹಟ್ಟಿಯ ಹಿರಿಯ ಚಿತ್ತಯ್ಯನವರ ಹತ್ತಿರ ನಾನೇ ಹೋಗಿ ವಾರಕ್ಕೊಂದು ಕುರಿ ಕೇಳಿ ತಂದೆ. ಬೆಳಿಗ್ಗೆ ಕಾಲ್ಸೂಪು, ನೆರಳುಗಂಟೆಗೆ ಕೊಬ್ಬಿನ ಸಮೇತ ಬೇಯಿಸಿದ ಬಾಡು, ಸಂಜೆ ಉಪ್ಪು ಹಚ್ಚಿ ಒಣಗಿಸಿದ ಕೊರಬಾಡು. ಖಾರವಿಲ್ಲ, ಈರುಳ್ಳಿ ಇಲ್ಲ. ಮೊದಲ ವಾರ ತಲೆಸುತ್ತು, ಬಾಯಿ ಕಹಿ. ಪಕ್ಕದವರ ತಟ್ಟೆಯ ಮುದ್ದೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ವರ್ಷಕ್ಕೆ ನಾಲ್ಕೇ ಬಾಡೂಟ ಕಾಣುವ ಜನ ಇವನ ತಟ್ಟೆ ನೋಡಿ ಹೊಟ್ಟೆ ಉರಿದುಕೊಂಡರು. ಇವನೋ ಅವರ ಅಂಬಲಿ ನೋಡಿ ಉರಿದುಕೊಳ್ಳುತ್ತಿದ್ದ. ಎರಡನೆಯ ವಾರ ರಕ್ತ ನಿಂತಿತು. ಮೂರನೆಯ ವಾರ ಹೊಟ್ಟೆಯ ಉಬ್ಬರ ಇಳಿಯಿತು. ಇಪ್ಪತ್ತಾರನೆಯ ದಿನ ಕುರಿ ಹೊಡೆದುಕೊಂಡು ಕರೇಕಲ್ಲಿನವರೆಗೂ ಹೋಗಿಬಂದ. ನಾಲ್ಕು ವರ್ಷದಲ್ಲಿ ಅಷ್ಟು ದೂರ ಹೋದದ್ದು ಅದೇ ಮೊದಲು. ಬಂದವನು ನನ್ನ ಮುಂದೆ ನಿಂತು, "ಅಕ್ಕಾ, ಇವತ್ತು ಒಂದ್ ಪೊದೆನೂ ಮಾತಾಡ್ಸಲಿಲ್ಲ" ಅಂದ. ಆ ದಿನ ಅವನ ಮುಖ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ.

ಮೊದಲ ಅಮಾವಾಸ್ಯೆ ಮಾಫಿಯಲ್ಲಿ ಹೋಯಿತು. ಎರಡನೆಯದು ಹತ್ತಿರ ಬಂದಂತೆ ನನಗೆ ಊಟ ಸೇರದಾಯಿತು. ಉಂಡನೆಂದು ಒಲೆ ಮುಟ್ಟಿ ಸುಳ್ಳು ಹೇಳಲು ಬಾಯಿ ಬರದು. ಮೂವತ್ತು ವರ್ಷ ನಾನು ಆ ಒಲೆಯ ಮುಂದೆ ಒಂದು ಸುಳ್ಳು ಆಡಿದವಳಲ್ಲ. ಉಂಡಿಲ್ಲ ಎಂದರೆ ಅವನ ಹೆಸರಿಗೆ ಸುಣ್ಣ. ನಾನು ಸಾಕಿದ ಮಗು ಚಪ್ಪರದ ಹೊರಗೆ ಕೂತು ಉಣ್ಣುವುದನ್ನು ನೋಡಬೇಕು. ಅವನಿಗೆ ಹೇಳಿದರೆ ಅಳಿಸಲಿ ಬಿಡು ಅನ್ನುತ್ತಿದ್ದ, ಅಷ್ಟು ಗಟ್ಟಿಗ. ಅಮಾವಾಸ್ಯೆಯ ಬೆಳಿಗ್ಗೆ ಅವನ ಹೆಸರುಗಾಳನ್ನು ಒಂದು ಹಿಡಿ ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಸೋಸಿ, ಕಾಲ್ಸೂಪಿಗೆ ಬೆರೆಸಿದೆ. ಸೂಪು ಇವತ್ತು ಗಟ್ಟಿಯಾಗೈತೆ, ಚೆನ್ನಾಗೈತೆ ಎಂದು ಕುಡಿದ. ನಾನು ಒಲೆ ಮುಟ್ಟಿ ಎಲ್ಲರೂ ಉಂಡರು ಎಂದೆ. ಅದು ನಿಜವೇ ಆಗಿತ್ತು. ತನ್ನ ಹೆಸರು ಉಳಿಸಲು ಅಕ್ಕ ಸುಳ್ಳಾಡಿದಳು ಎಂದುಕೊಂಡನೋ ಏನೋ, ಪಾಲಯ್ಯ ಆ ಮಾತು ಎತ್ತಲಿಲ್ಲ.

ಎರಡು ದಿನಕ್ಕೆ ರಕ್ತ ಬಂತು. ಕಾಕತಾಳೀಯ ಎಂದುಕೊಂಡೆ. ಸುಧಾರಿಸಿಕೊಳ್ಳಲು ಹದಿನೈದು ದಿನ ಹಿಡಿಯಿತು. ಮುಂದಿನ ಅಮಾವಾಸ್ಯೆಗೆ ಅರ್ಧ ಹಿಡಿ ಬೆರೆಸಿದೆ, ಮತ್ತೆ ಹಾಗೇ ಆಯಿತು. ಆಗ ನನಗೆ ತಿಳಿಯಿತು, ಅಜ್ಜಿ. ತಿಳಿಯಲಿಲ್ಲ ಎಂದು ನಿನ್ನ ಮುಂದೆ ನಾಟಕ ಆಡುವುದಿಲ್ಲ. ತಿಳಿದೂ ಅದರ ಮುಂದಿನ ಅಮಾವಾಸ್ಯೆಗೆ ಒಂದು ಚಿಟಿಕೆ ಹಾಕಿದೆ. ಚಿಟಿಕೆ ಏನು ಮಾಡೀತು ಎಂದುಕೊಂಡೆ. ಅದೂ ಮಾಡಿತು.

ಪಾಲಯ್ಯ ಎಲ್ಲವನ್ನೂ ನಿನ್ನ ಹಾಗೆಯೇ ಬರೆದಿಡುತ್ತಿದ್ದ. ಕೆಟ್ಟ ದಿನಗಳೆಲ್ಲ ಅಮಾವಾಸ್ಯೆಯ ಆಸುಪಾಸಿಗೇ ಬರುವುದನ್ನು ಅವನೂ ಗಮನಿಸಿದ. ಆದರೆ ಅವನು ಅನುಮಾನಪಟ್ಟದ್ದು ಕುರಿಯನ್ನು, ಕೊಬ್ಬನ್ನು, ನೀರನ್ನು, ಕೊನೆಗೆ ಚಂದ್ರನನ್ನೂ. ನನ್ನನ್ನು ಅನುಮಾನಿಸಬಹುದು ಎಂಬುದು ಅವನ ತಲೆಗೇ ಬರಲಿಲ್ಲ. ಡಾಕ್ಟರ್ ಶಕೀಲಾ ಬಂದಾಗ ಅವನ ಬರಹ ನೋಡಿ ಹುಬ್ಬು ಗಂಟಿಕ್ಕಿದರು. ಅವನ ಎದುರಿಗೇ ನನ್ನನ್ನು ಕೇಳಿದರು: "ಬೊಮ್ಮಕ್ಕ, ಇವರ ಊಟಕ್ಕೆ ಬೇರೆ ಏನಾದರೂ ಸೇರುತ್ತಿತ್ತಾ?" ನಾನು ಬಾಯಿ ತೆರೆಯುವ ಮೊದಲೇ ಪಾಲಯ್ಯ ನಕ್ಕ. "ನಮ್ಮಕ್ಕನ ಕೈ ದಾಟಿ ಏನ್ ಸೇರುತ್ತೆ ಡಾಕ್ಟ್ರೆ" ಅಂದ. ನಾನು ಇಲ್ಲ ಎಂದೆ.

ಹಾಗಾದರೆ ಕಾಳಿನ ತಪ್ಪಲ್ಲ, ಮಾಂಸದಿಂದಲೂ ಪ್ರಯೋಜನವಿಲ್ಲ, ಕರುಳಿನೊಳಗೇ ಬೇರೆ ಏನೋ ಇದೆ ಎಂದು ಅವರು ತೀರ್ಮಾನಿಸಿ ಮಾತ್ರೆ ಬರೆದುಕೊಟ್ಟು ಹೋದರು. ಇದ್ದ ಸುಳ್ಳಿನ ಮೇಲೆ ಅದಕ್ಕಿಂತ ಸರಿಯಾದ ತೀರ್ಮಾನ ಯಾರು ಮಾಡಬಲ್ಲರು. ಪಾಲಯ್ಯ ಬರೆಯುವುದನ್ನು ನಿಲ್ಲಿಸಿದ. ಮಾರನೆಯ ದಿನ ಸಾಲಿನಲ್ಲಿ ಬಂದು ಕೂತ. ಹಟ್ಟಿಯವರೆಲ್ಲ ಅವನ ಬೆನ್ನು ತಟ್ಟಿದರು. ನಾನು ಮೊದಲ ಮುದ್ದೆ ಅವನ ತಟ್ಟೆಗೇ ಇಟ್ಟೆ. ನಿಜ ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ, ದಿನಾ ಮುದ್ದೆ ತಿರುವುತ್ತಿದ್ದೆ. ಹೇಳಿದರೆ ಅವನು ನನ್ನ ಕೈಯಿಂದ ಮತ್ತೆ ನೀರು ಸಹ ಕುಡಿಯಲಾರ ಎಂಬ ಭಯ ನನಗೆ ಅವನ ಸಾವಿಗಿಂತ ದೊಡ್ಡದಾಗಿತ್ತು. ಏಳು ತಿಂಗಳು ಬದುಕಿದ.

ತಿಥಿಯ ದಿನ ಚಿತ್ತಯ್ಯನವರು ಪಕ್ಕದಲ್ಲಿ ಕೂತು ಅದೂ ಇದೂ ಮಾತಾಡುತ್ತಾ, "ಆ ಬಾಡಿನ ಪಥ್ಯದಾಗಿದ್ದಾಗ ಅಮಾವಾಸ್ಯೆಗೂ ಪಾಪ ಕಾಳು ಉಂಡನಲ್ಲ. ನೀನು ಒಂದ್ ಮಾತು ಕೇಳಿದ್ರೆ ಬಿಟ್ಟುಬಿಡ್ತಿದ್ವಲ್ಲವ್ವ. ಕಾಯಿಲೆಯೋನ ಹೆಸರು ಅಳಿಸೋಕೆ ನಾವೇನು ರಾಕ್ಷಸರಾ" ಅಂದರು. ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಆ ಒಲೆ ಮುಟ್ಟಿದವಳಿಗೆ ಅಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ಅಜ್ಜಿ, ನೀನು ಮಾಡಿದ ಪಥ್ಯ ಸರಿಯೋ ತಪ್ಪೋ ಹೇಳಲು ನಾನು ಯಾರೂ ಅಲ್ಲ. ನನ್ನ ತಮ್ಮನಿಗೆ ಅದರಿಂದ ಗುಣವಾಗುತ್ತಿತ್ತೋ ಇಲ್ಲವೋ ಈಗ ಯಾರಿಗೂ ತಿಳಿಯದು. ತಿಳಿಯದಂತೆ ಮಾಡಿದವಳು ನಾನು. ನಿನ್ನ ಹತ್ತಿರ ಕೇಳುವುದು ಇಷ್ಟೇ. ನಿನಗೆ ಅಡುಗೆ ಮಾಡಿ ಹಾಕುವವರು ಅಮ್ಮನೋ, ಅತ್ತೆಯೋ, ಯಾರೇ ಇರಲಿ, ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳು. ಏನಾದರೂ ಹಾಕಿದ್ದೀರಾ, ಹಾಕಿದ್ದರೆ ಹೇಳಿ, ನಾನು ಬೈಯುವುದಿಲ್ಲ ಎಂದು ಕೇಳು. ಒಂದೇ ಸಲ ಕೇಳಿ ಬಿಡಬೇಡ. ನನ್ನನ್ನು ಡಾಕ್ಟರು ಒಂದೇ ಸಲ ಕೇಳಿದರು. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಇದನ್ನೊಂದು ಬರೆದು ಮುಗಿಸುತ್ತೇನೆ. ಹೋಗುವುದಕ್ಕೆ ಮೂರು ದಿನ ಮುಂಚೆ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ನನ್ನ ಮುಂಗೈ ಹಿಡಿದುಕೊಂಡ. "ಅಕ್ಕಾ, ಆ ನಾಕು ತಿಂಗ್ಳು ನಿನ್ ಮುದ್ದೆ ಬ್ಯಾಡ ಅಂದು ನಿನ್ನ ನೋಯಿಸ್ದೆ. ನಂದು ತಪ್ಪಾತು, ಮನಸ್ನಾಗೆ ಇಟ್ಕಬ್ಯಾಡ" ಅಂದ.

ನಾನು ಅವನ ಬಾಯಿ ಒರೆಸಿ, "ಆಯ್ತು ಬಿಡಪ್ಪ, ನಾನೇನೂ ಇಟ್ಕಂಡಿಲ್ಲ" ಅಂದೆ.

ಬೊಮ್ಮಕ್ಕ