ಅಪ್ಪನ ತಟ್ಟೆಯ ಬ್ರೊಕೋಲಿ

ಅಂಗಡಿಯ ಮೇಲಿನ ಮನೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಗಿಣೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಯಜಮಾನರು ಕ್ಷೇಮವೇ? ಕಂಡವರಿಗೆಲ್ಲ ಆರೋಗ್ಯ ಹೇಳಿಕೊಡುವವಳನ್ನು ಹೀಗೆ ಕೇಳುವುದೇ ಅಧಿಕಪ್ರಸಂಗವೇನೋ, ಆದರೂ ಒಡಹುಟ್ಟಿದ ಕರುಳು, ಕೇಳದೆ ಇರುವುದಿಲ್ಲ. ಅಪ್ಪನ ಕ್ಷೌರದಂಗಡಿಯನ್ನು ಈಗ ನಾನೊಬ್ಬಳೇ ನಡೆಸುತ್ತಿದ್ದೇನೆ. ಎರಡು ಕುರ್ಚಿಗಳಲ್ಲಿ ಅಪ್ಪನದಕ್ಕೆ ಬಟ್ಟೆ ಹೊದಿಸಿದ್ದೇನೆ. ಯಾಕೆ ಎಂದು ಹೇಳುತ್ತೇನೆ, ಅವಸರ ಮಾಡಬೇಡ.

ಕಳೆದ ಡಿಸೆಂಬರಿನಲ್ಲಿ ನೀನು ಬಂದಿದ್ದೆಯಲ್ಲ, ಬಂದ ಮಾರನೆಯ ದಿನವೇ ನನ್ನ ಅಡುಗೆಮನೆ ನಿನ್ನದಾಯಿತು. ಎಣ್ಣೆ ಡಬ್ಬ ಅಟ್ಟ ಹತ್ತಿತು, ಫ್ರಿಜ್ಜಿನ ತುಂಬ ಬ್ರೊಕೋಲಿ ಬಂದು ಕೂತಿತು. "ಅಪ್ಪಾ, ಇದರಲ್ಲಿ ನಾರಿದೆ, ವಿಟಮಿನ್ ಸಿ ಇದೆ, ಮೂಳೆಗೆ ಒಳ್ಳೇದು, ಹೃದಯಕ್ಕಂತೂ ಕೇಳಲೇಬೇಡಿ" ಎಂದು ನೀನೇ ಕೈಯಾರೆ ತಿನ್ನಿಸಿದೆ. ನಾನು ಬಡಿಸಿದರೆ ಒಂದು ಎಲೆ ಸೊಪ್ಪನ್ನೂ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ ಅಪ್ಪ, ನೀನು ಕೊಟ್ಟದ್ದನ್ನು ಮಗುವಿನಂತೆ ಬಾಯಿ ತೆರೆದು ತಿಂದರು. "ಅಕ್ಕನ ಅಡುಗೆ ತಿಂದೇ ನಿಮ್ಮ ಹಾರ್ಟಿನ ಕವಾಟ ಕೆಟ್ಟಿದ್ದು" ಎಂದು ನೀನು ತಮಾಷೆ ಮಾಡಿದೆ. ಅಪ್ಪ ನಕ್ಕರು. ನಾನೂ ನಕ್ಕೆ, ನೀವಿಬ್ಬರು ತಿಂದ ತಟ್ಟೆಗಳನ್ನು ತೊಳೆಯುತ್ತಾ. ಆಮೇಲೆ ಅಪ್ಪ ಅಂಗಡಿಗೆ ಬಂದವರಿಗೆಲ್ಲ ನಿನ್ನ ಪಾಠವನ್ನೇ ಒಪ್ಪಿಸತೊಡಗಿದರು. ಕತ್ತಿ ಗಂಟಲ ಮೇಲಿರುವಾಗ ಯಾರು ತಾನೇ ವಾದ ಮಾಡುತ್ತಾರೆ?

ನಾನು ಆಡಿದ್ದು ಒಂದೇ ಮಾತು. "ಹೊಸ ಕವಾಟ ಹಾಕಿದ್ದಾರೆ, ರಕ್ತ ತೆಳುವಾಗೋ ಮಾತ್ರೆ ತಗೋತಿದ್ದಾರೆ ಕಣೇ. ಹಸಿರು ತರಕಾರಿ ದಿಢೀರಂತ ಜಾಸ್ತಿ ಮಾಡಬೇಡಿ ಅಂದಿದ್ದಾರೆ ಡಾಕ್ಟ್ರು." ಅದಕ್ಕೆ ನೀನು ಏನಂದೆ ಗೊತ್ತೇ? "ಅಕ್ಕಾ, ನೀನು ತಲೆಕೂದಲು ನೋಡ್ಕೋ, ಒಳಗಿಂದು ನನಗೆ ಬಿಡು." ತಿಂಗಳ ರಕ್ತಪರೀಕ್ಷೆಯನ್ನೂ ನಿಲ್ಲಿಸಿದೆ. "ಮುಖ ನೋಡು, ಎಷ್ಟು ಕಳೆ ಬಂದಿದೆ! ಇವರಿಗೆ ಸೂಜಿ ಯಾಕೆ?" ಅಪ್ಪ ನಿನ್ನ ಮಾತಿಗೇ ತಲೆಯಾಡಿಸಿದರು. ನೀನು ಹೊರಟುಹೋದ ಮೇಲೂ ಹೊತ್ತುಹೊತ್ತಿಗೆ ಬಟ್ಟಲು ತುಂಬ ಬೇಯಿಸಿಕೊಡು ಎಂದು ಹಟ ಹಿಡಿದರು. ಸ್ವಲ್ಪ ಕಡಿಮೆ ಹಾಕಿದರೆ, "ಗಿಣಿ ಹೇಳಿದಷ್ಟೂ ಇರಲಿ" ಎಂದು ಬಟ್ಟಲನ್ನು ಹಿಂದಕ್ಕೆ ಕಳಿಸುತ್ತಿದ್ದರು.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಪಕ್ಕದಂಗಡಿಯ ದರ್ಜಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದರು. ಬ್ರಷ್ಷು ಕೆನ್ನೆ ಬಿಟ್ಟು ಅವನ ಕಿವಿಯೊಳಗೆ ಹೋಯಿತು. ತಮಾಷೆಯೆಂದುಕೊಂಡು ದರ್ಜಿ ನಕ್ಕ. ನಗುನಗುತ್ತಲೇ ಕನ್ನಡಿ ನೋಡಿದರೆ ಅಪ್ಪನ ಬಾಯಿ ಒಂದು ಪಕ್ಕಕ್ಕೆ ಜಾರುತ್ತಿತ್ತು. ಅವನೇ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ. ಕವಾಟದ ಹತ್ತಿರ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿತ್ತು. ಏನೇನು ತಿನ್ನುತ್ತಿದ್ದರು ಎಂದು ಡಾಕ್ಟರು ಕೇಳಿದಾಗ ಹೇಳಿದೆ. "ಬ್ರೊಕೋಲಿ ಒಳ್ಳೇದೇ ಅಮ್ಮಾ. ಆದ್ರೆ ಅದರಲ್ಲಿ ವಿಟಮಿನ್ ಕೆ ಜಾಸ್ತಿ, ಈ ಮಾತ್ರೆಯ ಕೆಲಸವನ್ನೇ ಕೆಡಿಸುತ್ತೆ. ಪರೀಕ್ಷೆ ಮಾಡಿಸ್ತಾ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತು" ಎಂದರು. ಆದ್ದರಿಂದ ನೀನು ಬೇಸರ ಮಾಡಿಕೊಳ್ಳಬೇಡ. ನೀನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಈಗ ಅಪ್ಪನ ಬಲಗೈ ಹಿಂಡಿ ಹಾಕಿದ ಟವೆಲ್ಲಿನಂತೆ ಮಡಿಲಲ್ಲಿ ಬಿದ್ದಿರುತ್ತದೆ. ಮಾತು ಹೋಗಿದೆ, ಆದರೆ ನಾವು ಆಡಿದ್ದೆಲ್ಲ ತಿಳಿಯುತ್ತದೆ. ನಾನು ಚಮಚದಲ್ಲಿ ಏನು ಕೊಟ್ಟರೂ ತಿನ್ನುತ್ತಾರೆ. ಗಡ್ಡವನ್ನೂ ನಾನೇ ಹೆರೆಯುತ್ತೇನೆ. ನೀನು ಫೋನ್ ಮಾಡಿದಾಗಲೆಲ್ಲ "ಅಪ್ಪ ಮಲಗಿದ್ದಾರೆ" ಎಂದೆನಲ್ಲ, ಅದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ.

ನಿನ್ನ ಮನೆ ತುಂಬಿರಲಿ. ನಿನ್ನ ಮೈಯಲ್ಲಿ ರಕ್ತ ಸಲೀಸಾಗಿ ಹರಿಯುತ್ತಿರಲಿ. ಯಜಮಾನರಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ

ಮರೆತ ಮಾತು: ಆಸ್ಪತ್ರೆಯಿಂದ ಬಂದಾಗಿನಿಂದ ಅಪ್ಪ ಬಾಗಿಲ ಕಡೆಗೇ ನೋಡುತ್ತಿದ್ದರು. ನಿನಗೆ ಅಂದೇ ತಿಳಿಸಿದೆನೆಂದೂ ಬರಲು ನಿನಗೆ ಪುರುಸೊತ್ತಿಲ್ಲವಂತೆ ಎಂದೂ ಅವರಿಗೆ ಹೇಳಿದ್ದೇನೆ. ಮೊದಮೊದಲು ಅತ್ತರು. ನಿನ್ನೆ ಗೋಡೆಯ ಮೇಲಿನ ನಿನ್ನ ಫೋಟೊದತ್ತ ಎಡಗೈ ಎತ್ತಿ, ತೆಗೆದುಬಿಡು ಎಂದು ಸನ್ನೆ ಮಾಡಿದರು. ತೆಗೆದೆ. ಈಗ ಬೇಕಾದರೆ ಬಾ. ಬಂದು ಅಕ್ಕ ಸುಳ್ಳಿ ಎಂದು ಹೇಳುವುದಿದ್ದರೆ ಧಾರಾಳವಾಗಿ ಹೇಳು. ನೀನು ಹೇಳಿ ಮುಗಿಸಿದ ಮೇಲೆ ಬ್ರೊಕೋಲಿಯ ಬಗ್ಗೆ ಡಾಕ್ಟರು ಅಂದದ್ದನ್ನು ನಾನು ಹೇಳುತ್ತೇನೆ. ಅದು ಅವರಿಗೆ ಇನ್ನೂ ಗೊತ್ತಿಲ್ಲ.